ದೀಪ ಹಚ್ಚುವ ಹೊತ್ತಿನ ಬ್ಯಾಕಪ್

ನನಗೆ ಸಿಟ್ಟು ಬೇಗ ಬರುತ್ತದೆ, ನಾಚಿಕೆ ನಿಧಾನವಾಗಿ ಬರುತ್ತದೆ. ಬಂದ ನಾಚಿಕೆ ಮಾತ್ರ ಎದ್ದು ಹೋಗುವುದಿಲ್ಲ. ಈಗ ನಮ್ಮ ಮನೆಯ ಕಂಪ್ಯೂಟರಿಗೆ ಮಗಳು ಏನೋ ಒಂದು ಹಾಕಿಕೊಟ್ಟಿದ್ದಾಳೆ. ದಿನಾ ಸಂಜೆ ಅದು ತನ್ನಷ್ಟಕ್ಕೆ ತಾನೇ ಬ್ಯಾಕಪ್ ತೆಗೆದುಕೊಳ್ಳುತ್ತದೆ. ಎಲ್ಲ ಮುಗಿಯಿತು ಅಂತ ಮೂಲೆಯಲ್ಲಿ ಒಂದು ಹಸಿರು ಗುರುತು ಬರುತ್ತದೆ. ಅದನ್ನು ಕಂಡಾಗಲೆಲ್ಲ ನನ್ನ ಕಿವಿ ಬಿಸಿಯಾಗುತ್ತದೆ. ಮಗಳು ನಗುತ್ತಾಳೆ. ‘ಅಮ್ಮಾ, ಹಸಿರು ಬಂದ್ರೆ ಖುಷಿ ಪಡಬೇಕು, ನೀನ್ಯಾಕೆ ಮುಖ ಹುಳ್ಳಗೆ ಮಾಡ್ಕೋತೀಯಾ?’ ಅಂತಾಳೆ. ಅವಳಿಗೆ ಕಾಕಾ ಗೊತ್ತಿಲ್ಲ. ನಾನೂ ಹೇಳಿಲ್ಲ.

ಕಾಕಾ ನಮಗೆ ಯಾವ ಸಂಬಂಧಿಯೂ ಅಲ್ಲ. ಪುಣೆಯ ಪೇಟೆಯೊಂದರ ಹಳೆಯ ವಾಡೆಯೊಳಗೆ, ಅಂದರೆ ದೊಡ್ಡ ಅಂಗಳದ ಮನೆಯೊಳಗೆ, ಒಂದು ಟ್ರಸ್ಟಿನವರು ಕೃತಕ ಕಾಲು ಮಾಡಿಕೊಡುವ ವರ್ಕ್‌ಶಾಪ್ ನಡೆಸುತ್ತಿದ್ದರು. ಅದರ ಕಚೇರಿಯನ್ನೆಲ್ಲ ನೋಡಿಕೊಳ್ಳುತ್ತಿದ್ದವರು ಅವರು. ಹೆಸರು ಹಿಡಿದು ಕರೆಯುವವರು ಅಲ್ಲಿ ಯಾರೂ ಇರಲಿಲ್ಲ. ಮರಾಠಿಯವರಿಗೂ ಕಾಕಾ, ನಮಗೂ ಕಾಕಾ. ವಿಜಾಪುರದ ಕಡೆಯವರು. ರೈಲ್ವೆಯಲ್ಲಿ ಇದ್ದವರು, ದೌಂಡದಲ್ಲೇ ಮನೆ ಮಾಡಿಕೊಂಡಿದ್ದರು. ಬೆಳಿಗ್ಗೆ ದೌಂಡ ಶಟಲ್ ರೈಲಿನಲ್ಲಿ ಬರುವುದು, ಸಂಜೆ ಅದರಲ್ಲೇ ಹೋಗುವುದು.

ತೊಂಬತ್ತರ ದಶಕದ ನಡುವೆ ನನ್ನ ಯಜಮಾನರಿಗೆ ಬೆಂಗಳೂರಿನಿಂದ ಪುಣೆಗೆ ವರ್ಗವಾಯಿತು. ಮರಾಠಿ ಬಾರದೆ, ಮನೆಯಲ್ಲಿ ಕೂತು ಕೂತು ತಲೆ ಕೆಟ್ಟು, ಕಂಪ್ಯೂಟರ್ ಕ್ಲಾಸಿಗೆ ಹೋಗಿದ್ದೇನೆ ಅನ್ನುವ ಒಂದೇ ಧೈರ್ಯದ ಮೇಲೆ ನಾನು ಅಲ್ಲಿ ಕೆಲಸ ಕೇಳಲು ಹೋದೆ. ಕಾಕಾ ನನ್ನ ಸರ್ಟಿಫಿಕೇಟನ್ನು ತಿರುಗಿಸಿಯೂ ನೋಡಲಿಲ್ಲ.

‘ನೋಡವಾ ತಂಗಿ, ಇಲ್ಲಿ ಬರೂ ಮಂದಿಗೆ ಒಂದ ಕಾಲು ಇರೂದಿಲ್ಲ. ನೀ ಅವರ ಕೂಡ ಮಾತಾಡೂಮುಂದ ಎಲ್ಲಿ ನೋಡ್ತಿ?’ ಅಂತ ಕೇಳಿದರು.

‘ಮುಖ ನೋಡ್ತೀನಿ’ ಅಂದೆ.

‘ಹಾಂ. ಅಷ್ಟ ಸಾಕು. ಉಳದದ್ದು ನಾ ಕಲಸ್ತೇನಿ.’

ಕಲಿಸಿದರು. ನನ್ನ ಕೆಲಸ ಅಳತೆಯ ಮೇಜಿನದು. ಒಳಗೆ ಮಿಸ್ತ್ರಿಗಳು ಒಬ್ಬೊಬ್ಬರ ಅಳತೆ ತೆಗೆದು ಕೂಗಿ ಹೇಳುತ್ತಿದ್ದರು, ನಾನು ಕಂಪ್ಯೂಟರಿಗೆ ಹಾಕಬೇಕು. ಅಳತೆ ದೊಡ್ಡ ವಿಷಯವಲ್ಲ. ಮೊದಲ ಕಾಲು ಕೊಟ್ಟ ಮೇಲೆ ಆ ಮನುಷ್ಯ ಮತ್ತೆ ಮತ್ತೆ ಬರುತ್ತಾನೆ. ಇಲ್ಲಿ ಒತ್ತುತ್ತದೆ, ಮೆಟ್ಟಿಲು ಇಳಿಯುವಾಗ ಇಲ್ಲಿ ಉರಿಯುತ್ತದೆ, ಚಳಿಗಾಲದಲ್ಲಿ ಸಡಿಲಾಗುತ್ತದೆ ಅನ್ನುತ್ತಾನೆ. ಮಿಸ್ತ್ರಿ ಅಲ್ಲಿ ಸ್ವಲ್ಪ ತಿಕ್ಕಿ, ಇಲ್ಲಿ ಸ್ವಲ್ಪ ಮೆತ್ತೆ ಕೊಟ್ಟು ಸರಿ ಮಾಡುತ್ತಾನೆ. ಆ ತಿದ್ದುಪಡಿಗಳನ್ನೆಲ್ಲ ನಾನು ಬರೆದುಕೊಳ್ಳುತ್ತಿದ್ದೆ. ಕಾಲು ಕೆಲವು ವರ್ಷಕ್ಕೆ ಸವೆದು ಹೋಗಿ ಹೊಸದು ಮಾಡುವಾಗ ಆ ಮನುಷ್ಯ ಮತ್ತೆ ಮೊದಲಿನಿಂದ ನೋವು ತಿನ್ನಬಾರದು, ಅದಕ್ಕೆ. ಮೊದಲು ಇದೆಲ್ಲ ರಟ್ಟಿನ ಕಾರ್ಡುಗಳಲ್ಲಿ ಇತ್ತಂತೆ. ಯಾವುದೋ ಕಂಪನಿಯವರು ಕಂಪ್ಯೂಟರು ದಾನ ಕೊಟ್ಟ ಮೇಲೆ ಎಲ್ಲ ಅದಕ್ಕೆ ಹಾಕಿಸಿ, ಕಾರ್ಡುಗಳನ್ನು ರದ್ದಿಯವನಿಗೆ ಕೊಟ್ಟು, ಆ ಜಾಗದಲ್ಲಿ ಬಂದವರು ಕೂರಲು ಬೆಂಚು ಹಾಕಿಸಿದ್ದು ಕಾಕಾನೇ.

ಕೆಲಸಕ್ಕೆ ಸೇರಿದ ಮೊದಲ ದಿನ ನಾನು ಆ ಪ್ರೋಗ್ರಾಮ್ ತೆರೆದೆ. ಮೊದಲನೆಯ ನಂಬರಿನಲ್ಲಿ ಕಾಕಾನ ಹೆಸರು ಇತ್ತು. ಎಡಗಾಲು, ಮೊಣಕಾಲಿನ ಕೆಳಗೆ. ದೌಂಡ ರೈಲ್ವೆ ಯಾರ್ಡಿನ ಅಪಘಾತದಲ್ಲಿ ಹೋದದ್ದು.

ಅವರು ನಡೆಯುವುದನ್ನು ನೋಡಿದರೆ ಗೊತ್ತೇ ಆಗುತ್ತಿರಲಿಲ್ಲ. ಸದಾ ಇಸ್ತ್ರಿ ಮಾಡಿದ ಪ್ಯಾಂಟು, ಪಾಲಿಶ್ ಮಾಡಿದ ಬೂಟು. ಶಟಲ್ಲಿನಲ್ಲಿ ಯಾರಾದರೂ ಎದ್ದು ಸೀಟು ಕೊಟ್ಟರೆ ‘ಬಸಾ ಬಸಾ, ನೀವೇ ಕೂಡ್ರಿ’ ಅಂತ ಎರಡೂ ಭಾಷೆಯಲ್ಲಿ ಗದರಿ ನಿಂತೇ ಹೋಗುತ್ತಿದ್ದರಂತೆ. ಬಂದವರೆಲ್ಲ ತಮ್ಮ ಕಾಲು ಬಿಚ್ಚಿ ಕೂರುವ ಆ ವಾಡೆಯಲ್ಲಿ ಅವರೊಬ್ಬರು ಮಾತ್ರ ಯಾರ ಎದುರಿಗೂ ಪ್ಯಾಂಟಿನ ಅಂಚನ್ನು ಬೆರಳಷ್ಟೂ ಮೇಲೆತ್ತಿದವರಲ್ಲ. ಅವರ ಕಾಲಿನ ತಿದ್ದುಪಡಿಗೆ ಹಿರಿಯ ಮಿಸ್ತ್ರಿಯೊಬ್ಬನನ್ನು ಒಳಗಿನ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ನಮಗೆ ಗೊತ್ತಿದೆ ಅನ್ನುವುದು ಅವರಿಗೆ ಗೊತ್ತಿತ್ತು. ಆ ವಿಷಯ ಮಾತಾಡುವ ಪ್ರಶ್ನೆಯೇ ಇರಲಿಲ್ಲ.

ಬ್ಯಾಕಪ್ಪಿನ ಮೇಲೆ ಅವರಿಗಿದ್ದ ಪ್ರೀತಿ ನೋಡಿದರೆ ನಗು ಬರುತ್ತಿತ್ತು. ‘ದೇವರು ನಮಗ ಎರಡ ಕಣ್ಣ ಕೊಟ್ಟಾನ, ಎರಡ ಕಿವಿ, ಎರಡ ಕಾಲ. ಯಾಕ? ಬ್ಯಾಕಪ್ ಅದು! ಒಂದ ಹೋದರ ಇನ್ನೊಂದ ಇರಬೇಕು’ ಅನ್ನುತ್ತಿದ್ದರು. ದಾನ ಬಂದ ಆ ಕಂಪ್ಯೂಟರಿನ ಹೊಟ್ಟೆಯಲ್ಲಿ ಒಂದು ಸಣ್ಣ ಬಾಯಿ. ಅದಕ್ಕೆ ಟೇಪ್ ಹಾಕಿಟ್ಟರೆ ಗೊತ್ತು ಮಾಡಿದ ಹೊತ್ತಿಗೆ ಅದು ತಾನೇ ಗುರ್ ಅಂತ ಶುರುವಾಗಿ ಎಲ್ಲವನ್ನೂ ನಕಲು ಮಾಡಿಕೊಳ್ಳುತ್ತಿತ್ತು. ಕಾಕಾ ಅದನ್ನು ಕ್ಯಾಸೆಟ್ ಅನ್ನುತ್ತಿದ್ದರು, ಹಾಗಾಗಿ ನಾವೆಲ್ಲರೂ ಕ್ಯಾಸೆಟ್ಟೇ ಅಂದೆವು. ವಾರದ ಒಂದೊಂದು ದಿನಕ್ಕೆ ಒಂದೊಂದು. ಮೇಲೆ ಕನ್ನಡದಲ್ಲಿ ಸೋಮ, ಮಂಗಳ, ಬುಧ ಅಂತ ಗುಂಡಗೆ ಬರೆದಿದ್ದರು. ಗುರುವಾರ ಕರೆಂಟು ಹೋಗುವ ದಿನವಾದ್ದರಿಂದ ವರ್ಕ್‌ಶಾಪಿಗೂ ರಜೆ, ಕ್ಯಾಸೆಟ್ಟಿಗೂ ರಜೆ. ಶಟಲ್ ಹಿಡಿಯುವ ಮೊದಲು ಕ್ಯಾಸೆಟ್ ಕೈಗೆ ಬರಬೇಕು, ಅದಕ್ಕೆ ಬ್ಯಾಕಪ್ ಹೊತ್ತನ್ನು ಸಂಜೆ ಆರೂವರೆಗೆ ಗೊತ್ತು ಮಾಡಿಸಿದ್ದರು. ಆಫೀಸಿಗೇ ಬೆಂಕಿ ಬಿದ್ದರೆ ಅಂತ ಅವರು ಅದನ್ನು ದಿನಾ ದೌಂಡಕ್ಕೆ ಒಯ್ಯುತ್ತಿದ್ದರು.

ದೌಂಡದಲ್ಲಿ ಎಲ್ಲಿ ಇಡ್ತೀರಿ ಅಂತ ಒಮ್ಮೆ ಕೇಳಿದೆ.

‘ದೇವರ ಮನ್ಯಾಗ. ಇನ್ನೆಲ್ಲಿ? ಅಲ್ಲಿ ಯಾರೂ ಮುಟ್ಟೂದಿಲ್ಲ. ನಮ್ಮಾಕಿ ಕುಪ್ಪಸದ ಖಣದಾಗ ಸುತ್ತಿ ಇಡ್ತಾಳ.’

ಅವರ ಹೆಂಡತಿ, ನಾವು ಕಾಕೂ ಅನ್ನುತ್ತಿದ್ದೆವು, ಮೊದಮೊದಲು ಅದು ಭಜನೆಯ ಕ್ಯಾಸೆಟ್ ಅಂದುಕೊಂಡಿದ್ದರಂತೆ. ಪಕ್ಕದ ಮನೆಯ ಹೆಂಗಸು ಶ್ರಾವಣದಲ್ಲಿ ಕೇಳಲು ಬೇಡಿದಾಗ ಕಾಕಾ ಗಾಬರಿಯಾಗಿ ‘ಅದರೊಳಗ ಮಂದಿ ಕಾಲ ಅದಾವ!’ ಅಂತ ಕೂಗಿ, ಆ ಹೆಂಗಸು ಆಮೇಲೆ ಅವರ ದೇವರ ಮನೆಯ ಕಡೆ ಸುಳಿಯಲೇ ಇಲ್ಲವಂತೆ. ಈ ಕತೆಯನ್ನು ಕಾಕಾ ತಾವೇ ಹೇಳಿ ತಾವೇ ನಗುತ್ತಿದ್ದರು.

ಸುಮ್ಮನೆ ನಂಬುವ ಮನುಷ್ಯರೂ ಅಲ್ಲ. ತಿಂಗಳಿಗೊಮ್ಮೆ ಒಂದು ಕ್ಯಾಸೆಟ್ ಹಾಕಿ, ನಮ್ಮ ವಾರ್ಷಿಕ ಮೇಳದ ಆಮಂತ್ರಣ ಪತ್ರವನ್ನು ಅದರಿಂದ ಹೊರಗೆ ತೆಗೆಸಿ, ಪರದೆಯ ಮೇಲೆ ಓದಿ, ವಿಳಾಸದ ಪಟ್ಟಿಯನ್ನೂ ನೋಡಿ, ‘ಚಲೋ ಅದ, ಅಕ್ಷರಾ ಸೈತ ಹಂಗ ಅದಾವ’ ಅನ್ನುತ್ತಿದ್ದರು. ಎರಡು ಸಾವಿರದ ಇಸವಿ ಹುಟ್ಟುವಾಗ ಎಲ್ಲ ಕಂಪ್ಯೂಟರುಗಳೂ ನಿಂತುಹೋಗುತ್ತವೆ ಅಂತ ಊರೆಲ್ಲ ಹೆದರಿತ್ತಲ್ಲ, ಆವತ್ತು ಎರಡು ಕ್ಯಾಸೆಟ್ಟಿಗೆ ನಕಲು ತೆಗೆಸಿ ಎರಡನ್ನೂ ಒಯ್ದರು. ಏನೂ ಆಗಲಿಲ್ಲ. ‘ನೋಡಿದ್ಯಾ?’ ಅಂತ ನನ್ನ ಮೇಲೆಯೇ ಗೆದ್ದವರ ಹಾಗೆ ಮಾತಾಡಿದರು.

ಇನ್ನೊಂದು ಪದ್ಧತಿ ಇತ್ತು. ಅದನ್ನು ಈಗ ಬರೆಯುವಾಗಲೂ ಕೈ ಹಿಂದೆ ಬರುತ್ತದೆ.

ಸೇರಿದ ಹೊಸತರಲ್ಲಿ ನಾನು ಒಂದು ಸಂಜೆ ಆರೂಕಾಲಿನ ಹೊತ್ತಿಗೆ ಪ್ರೋಗ್ರಾಮ್ ಮುಚ್ಚಿ, ಪರದೆ ಆರಿಸಿ, ಬ್ಯಾಗು ಹೆಗಲಿಗೆ ಹಾಕಿಕೊಂಡೆ. ಕಾಕಾ ಊದಿನಕಡ್ಡಿ ಹಿಡಿದುಕೊಂಡು ಬರುತ್ತಿದ್ದವರು ಅಲ್ಲೇ ನಿಂತರು.

‘ಏ ತಂಗಿ, ದೀಪಾ ಹಚ್ಚೂ ಹೊತ್ತಿನ್ಯಾಗ ಏನೂ ಮುಚ್ಚಬಾರದವಾ. ಬಾಗಿಲಾ ಮುಚ್ಚಬಾರದು, ಪೆಟಗಿ ಮುಚ್ಚಬಾರದು. ನಿಮ್ಮ ಬೆಂಗಳೂರಾಗ ಹಂಗ ಮಾಡ್ತಾರೇನು?’

ನಮ್ಮಲ್ಲೂ ಹಾಗೆ ಮಾಡುವುದಿಲ್ಲ. ನಮ್ಮಮ್ಮನೂ ಮುಸ್ಸಂಜೆ ಹೊತ್ತಿಗೆ ಬಾಗಿಲು ತೆರೆದಿಡುತ್ತಿದ್ದಳು, ಲಕ್ಷ್ಮಿ ಬರುವ ಹೊತ್ತು ಅಂತ. ಪರ ಊರಿನಲ್ಲಿ ಅದನ್ನು ಕೇಳಿ ನನಗೆ ಮನೆಯ ನೆನಪಾಗಿ ಹಿತವೇ ಆಯಿತು. ಮತ್ತೆ ಪ್ರೋಗ್ರಾಮ್ ತೆರೆದೆ. ಅವರು ಗಣಪತಿ ಪಟಕ್ಕೆ, ಮಿಸ್ತ್ರಿಗಳ ಗರಗಸಕ್ಕೆ, ಆಮೇಲೆ ಕಂಪ್ಯೂಟರಿಗೆ ಊದಿನಕಡ್ಡಿ ಬೆಳಗಿದರು. ಅದು ಗುರ್ ಅಂತ ತನ್ನ ಕೆಲಸ ಶುರು ಮಾಡಿತು. ಮುಗಿಯಿತು ಅನ್ನುವ ಹಸಿರು ಅಕ್ಷರ ಬಂದ ಮೇಲೆ ಕ್ಯಾಸೆಟ್ ಹೊರಗೆ ತೆಗೆದು, ಕಣ್ಣಿಗೆ ಒತ್ತಿಕೊಂಡು, ಊಟದ ಡಬ್ಬಿಯ ಚೀಲದಲ್ಲಿ ಇಟ್ಟು, ‘ಹೂಂ, ಈಗ ಮುಚ್ಚು’ ಅಂದರು. ಅವತ್ತಿನಿಂದ ವರ್ಷಗಟ್ಟಲೆ ನಾವು ಹಾಗೆಯೇ ಮಾಡಿದೆವು. ಆ ಹೊತ್ತಿನಲ್ಲಿ ವಾಡೆಯ ದೊಡ್ಡ ಬಾಗಿಲು, ಕಪಾಟು, ಅಳತೆಯ ಪ್ರೋಗ್ರಾಮ್, ಎಲ್ಲ ತೆರೆದೇ ಇರುತ್ತಿದ್ದವು. ನನ್ನ ಆಯುಷ್ಯದಲ್ಲಿ ನಾನು ಅಷ್ಟು ನೆಮ್ಮದಿಯಿಂದ ಯಾವ ಆಫೀಸಿನಲ್ಲೂ ಸಂಜೆ ಕಳೆದಿಲ್ಲ.

ಒಂದು ಶುಕ್ರವಾರ, ಗುರುವಾರದ ಕರೆಂಟಿನ ರಜೆ ಮುಗಿಸಿ ಬಂದು ಗುಂಡಿ ಒತ್ತಿದರೆ ಕಂಪ್ಯೂಟರು ಏಳಲಿಲ್ಲ. ಒಳಗೆ ಟಿಕ್ ಟಿಕ್ ಸದ್ದು. ದಾನ ಕೊಟ್ಟ ಕಂಪನಿಯಿಂದ ಎಂಜಿನಿಯರ್ ಬಂದು ನೋಡಿ, ಡಿಸ್ಕ್ ಹೋಗಿದೆ, ಹೊಸದು ಹಾಕುತ್ತೇನೆ, ಬ್ಯಾಕಪ್ ಇದೆಯಾ ಅಂದ. ಬೆಂಚಿನ ಮೇಲೆ ಬಂದವರು ತುಂಬಿ ಕೂತಿದ್ದರು. ಕಾಕಾ ಎಲ್ಲರಿಗೂ ಕೇಳುವ ಹಾಗೆ, ‘ಏನೂ ಕಾಳಜಿ ಇಲ್ರಿ. ದೌಂಡನ್ಯಾಗ ಅದ!’ ಅಂದರು. ಅವರ ಮುಖದ ಆ ಹೊತ್ತಿನ ಸಂತೋಷ ನನ್ನ ಕಣ್ಣಿಗೆ ಈಗಲೂ ಕಟ್ಟಿದ ಹಾಗಿದೆ. ಇಷ್ಟು ವರ್ಷ ಹೊತ್ತದ್ದು ಇವತ್ತಿಗಾಗಿ ಅನ್ನುವ ಸಂತೋಷ.

ಮಾರನೆಯ ದಿನ ಖಣದಲ್ಲಿ ಸುತ್ತಿದ ಗಂಟನ್ನೇ ತಂದರು. ಎಂಜಿನಿಯರ್ ಒಂದನ್ನು ಹಾಕಿದ. ಆಮಂತ್ರಣ ಪತ್ರ ಬಂತು. ದಾನಿಗಳ ಪಟ್ಟಿ ಬಂತು. ಗಣಪತಿ ಹಬ್ಬಕ್ಕೆ ಬರೆದ ಪತ್ರಗಳು ಬಂದವು. ಅಳತೆಯ ಫೈಲು ಬರಲಿಲ್ಲ. ಇನ್ನೊಂದು ಹಾಕಿದ, ಮತ್ತೊಂದು ಹಾಕಿದ. ಅದೇ ಆಮಂತ್ರಣ ಮತ್ತೆ ಮತ್ತೆ ಬಂತು, ದಯಮಾಡಿ ಸಹಕುಟುಂಬ ಬನ್ನಿ ಅಂತ.

ಎಂಜಿನಿಯರ್ ಹುಡುಗ ಪರದೆಯ ಕಡೆಗೇ ನೋಡುತ್ತ ಮೆಲ್ಲಗೆ ಕೇಳಿದ: ಬ್ಯಾಕಪ್ ನಡೆಯುವಾಗ ಅಳತೆಯ ಪ್ರೋಗ್ರಾಮ್ ತೆರೆದಿರುತ್ತಿತ್ತಾ? ತೆರೆದಿಟ್ಟ ಫೈಲನ್ನು ಇದು ಮುಟ್ಟುವುದಿಲ್ಲ, ಬಿಟ್ಟು ಮುಂದೆ ಹೋಗುತ್ತದೆ. ಕೊನೆಯ ಸಾಲಿನಲ್ಲಿ ಒಂದು ಫೈಲು ಬಿಟ್ಟಿದ್ದೇನೆ ಅಂತ ತೋರಿಸುತ್ತದಲ್ಲ, ನೀವು ನೋಡಲಿಲ್ಲವಾ?

ನಾವು ಹಸಿರನ್ನು ನೋಡುತ್ತಿದ್ದೆವು. ಕೊನೆಯ ಸಾಲನ್ನು ನೋಡುತ್ತಿರಲಿಲ್ಲ. ಇಡೀ ಕಂಪ್ಯೂಟರಿನಲ್ಲಿ ಯಾವುದಕ್ಕೋಸ್ಕರ ಇಷ್ಟೆಲ್ಲ ಮಾಡುತ್ತಿದ್ದೆವೋ ಆ ಒಂದನ್ನೇ ನಾವಿಬ್ಬರೂ ಕೂಡಿ, ಊದಿನಕಡ್ಡಿ ಬೆಳಗಿ, ದಿನಾ ಸಂಜೆ ತೆರೆದಿಟ್ಟು ಕಳೆದಿದ್ದೆವು. ನನಗೆ ಅಳು ಬರಲಿಲ್ಲ. ಬೆಂಚಿನ ಮೇಲೆ ಕೂತವರು ನಮ್ಮನ್ನೇ ನೋಡುತ್ತಿದ್ದರು, ಎಲ್ಲಿಯಾದರೂ ಮರೆಯಾಗಬೇಕು ಅನ್ನಿಸಿತು. ಅಷ್ಟೇ.

ಗಂಟಿನ ತಳದಲ್ಲಿ ಒಂದು ಹಳೆಯ ಕ್ಯಾಸೆಟ್ ಇತ್ತು. ಕಂಪ್ಯೂಟರು ಬಂದ ಹೊಸತರಲ್ಲಿ, ಕಾರ್ಡುಗಳನ್ನೆಲ್ಲ ಹಾಕಿ ಮುಗಿಸುವ ಮೊದಲೇ, ಮಟಮಟ ಮಧ್ಯಾಹ್ನ, ಕಂಪನಿಯವರೇ ಎಲ್ಲ ಮುಚ್ಚಿ ತೆಗೆದುಕೊಟ್ಟದ್ದು. ಅದರಲ್ಲಿ ಅಳತೆಯ ಫೈಲು ಇತ್ತು. ತೆರೆದರೆ ಶುರುವಿನ ಕೆಲವೇ ಕೆಲವು ಜನ. ಮೊದಲನೆಯ ಹೆಸರು ಕಾಕಾನದು.

ಅವರು ಪರದೆಯನ್ನು ಬಹಳ ಹೊತ್ತು ನೋಡಿದರು. ‘ನನ್ನ ಕಾಲ ಉಳೀತು’ ಅಂದರು. ‘ಉಳದವರದೆಲ್ಲ ಹೋತು.’

ಟ್ರಸ್ಟಿನವರು ಒಳ್ಳೆಯವರು. ಯಾರೂ ಬಯ್ಯಲಿಲ್ಲ. ಎಲ್ಲರಿಗೂ ಒಂದು ಕಾರ್ಡು ಬರೆದು ಮತ್ತೆ ಬಂದು ಅಳತೆ ಕೊಡಲು ಹೇಳೋಣ ಅಂದರು. ಅಲ್ಲಿಯವರೆಗೆ ಮೂಲೆಯಲ್ಲಿ ನಿಂತಿದ್ದ ಕಾಕಾ ಮುಂದೆ ಬಂದು ಮರಾಠಿಯಲ್ಲಿ ಹೇಳಿದರು: ಅವರು ಯಾಕೆ ಬರಬೇಕು? ಎಸ್‌ಟಿ ಬಸ್ಸಿನಲ್ಲಿ ಒಂಟಿ ಕಾಲಲ್ಲಿ ನೇತಾಡಿಕೊಂಡು ಒಮ್ಮೆ ಬಂದಾಗಿದೆ. ಕಳೆದವನು ನಾನು. ನಾನೇ ಹೋಗುತ್ತೇನೆ.

ವಿಳಾಸಗಳು ಆಮಂತ್ರಣದ ಪಟ್ಟಿಯಲ್ಲಿ ಇದ್ದವು. ವರ್ಷಗಟ್ಟಲೆ ನಾವು ಪರೀಕ್ಷೆ ಮಾಡಿ ಮೆಚ್ಚಿದ್ದ ಪಟ್ಟಿ ಅದು. ಮಿಸ್ತ್ರಿಗಳು ವರ್ಕ್‌ಶಾಪ್ ಬಿಟ್ಟು ಬರುವ ಹಾಗಿರಲಿಲ್ಲ. ಅಳತೆ ತೆಗೆಯುವುದನ್ನು ಕಾಕಾ ನೋಡಿ ನೋಡಿ ಕಲಿತಿದ್ದರು, ಬರೆದುಕೊಳ್ಳಲು ನಾನು. ಆ ವರ್ಷ ಬಿಡುವಿದ್ದ ದಿನವೆಲ್ಲ ನಾವು ಅಳತೆ ಪಟ್ಟಿ, ಅಚ್ಚು ತೆಗೆಯುವ ಪ್ಲಾಸ್ಟರಿನ ಚೀಲ ಹಿಡಿದುಕೊಂಡು ಮನೆ ಮನೆ ತಿರುಗಿದೆವು.

ಮೊದಲು ಹೋದದ್ದು ಜೇಜುರಿಗೆ. ಗುಡ್ಡದ ಮೆಟ್ಟಿಲಿನ ಬುಡದಲ್ಲಿ ಭಂಡಾರ ಮಾರುವ ಹೆಂಗಸು, ಕೈ, ಮುಖ, ಸೆರಗೆಲ್ಲ ಅರಿಶಿನ. ನಾನು ಅವಸರದಲ್ಲಿ ‘ಬಾಯಿ, ನಮ್ಮ ಮಶೀನ್ ಖರಾಬ್ ಆಯ್ತು, ಅದಕ್ಕೆ...’ ಅಂತ ನನ್ನ ಹರಕು ಮರಾಠಿಯಲ್ಲಿ ಶುರು ಮಾಡಿದೆ. ಕಾಕಾ ನನ್ನನ್ನು ಒಂದೇ ನೋಟಕ್ಕೆ ಸುಮ್ಮನಾಗಿಸಿದರು. ‘ನಾನು ಕಳೆದುಬಿಟ್ಟೆ, ತಾಯಿ’ ಅಂದರು ಅವಳಿಗೆ. ಹೊರಗೆ ಬಂದ ಮೇಲೆ ನನಗೆ ಹೇಳಿದರು: ‘ಮಶೀನಿನ ಮ್ಯಾಲ ಹಾಕಬ್ಯಾಡ. ಮಶೀನು ಖರೇನ ಹೇಳಿತ್ತು. ನಾವ ಓದಲಿಲ್ಲ.’ ಆ ಹೆಂಗಸು ನಕ್ಕು, ಅಂಗಡಿಯ ಹಿಂದೆ ಸೀರೆ ಎತ್ತಿ ಅಳತೆ ಕೊಟ್ಟು, ಇಬ್ಬರಿಗೂ ಹಣೆಗೆ ಭಂಡಾರ ಹಚ್ಚಿ, ಚಹಾ ಕುಡಿಸಿ ಕಳಿಸಿದಳು. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ವಾಪಸು ಬರುವಾಗ ಬಸ್ಸಿನಲ್ಲಿ ಕಾಕಾ ಆ ಅರಿಶಿನವನ್ನು ಒರೆಸಲೇ ಇಲ್ಲ.

ಎಲ್ಲರೂ ನಗಲಿಲ್ಲ. ರಾಂಜಣಗಾಂವದ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸ ಮಾಡುವ ಒಬ್ಬನಿದ್ದ, ನಮ್ಮ ಕಲಬುರ್ಗಿ ಕಡೆಯವನು. ಜೊತೆಯ ಕೆಲಸಗಾರರೊಂದಿಗೆ ಒಂದೇ ಕೋಣೆಯಲ್ಲಿ ಬಾಡಿಗೆಗೆ ಇದ್ದ. ನಾವು ಹೋದ ದಿನ ಎಲ್ಲರಿಗೂ ವಾರದ ರಜೆ, ಹಾಸಿಗೆಯ ಮೇಲೆ ಇಸ್ಪೀಟು ಆಡುತ್ತಿದ್ದರು. ನಮ್ಮನ್ನು, ನಮ್ಮ ಚೀಲವನ್ನು ನೋಡಿದ್ದೇ ಅವನ ಮುಖ ಬಿಳಿಚಿತು. ಎದ್ದು ಬಾಗಿಲಿಗೆ ಬಂದು ಹಲ್ಲು ಕಚ್ಚಿ ಪಿಸುಗುಟ್ಟಿದ.

‘ಇಲ್ಲಿ ಯಾಕ ಬಂದ್ರಿ? ಇವರಿಗೆ ಯಾರಿಗೂ ಗೊತ್ತಿಲ್ಲ. ಕಾರ್ಖಾನಿಯಾಗೂ ಹೇಳಿಲ್ಲ. ಒಮ್ಮೆ ತೋರ್ಸೇನಲ್ರಿ, ಎಷ್ಟ ಸರ್ತಿ ತೋರ್ಸಬೇಕು?’

ಒಳಗಿನವರು ಆಟ ನಿಲ್ಲಿಸಿ ನೋಡುತ್ತಿದ್ದರು. ಯಾರೋ ಇವರು, ಊರಿನವರಾ ಅಂತ ಒಬ್ಬ ಹಿಂದಿಯಲ್ಲಿ ಕೇಳಿದ. ನಾನಾಗಿದ್ದರೆ ತಿರುಗಿ ಬಂದುಬಿಡುತ್ತಿದ್ದೆ. ಕಾಕಾ ಒಳಗೆ ಹೋದರು, ಕುಂಟುತ್ತಾ ಹೋದರು. ಅವರು ಕುಂಟಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

‘ಹಾಂ, ಇವನ ಊರಾಂವ ನಾನು’ ಅಂದರು ಹಿಂದಿಯಲ್ಲಿ. ‘ಇಲ್ಲಿಯ ಗಣಪತಿ ದರ್ಶನಕ್ಕೆ ಬಂದಿದ್ದೆ, ಬಸ್ಸಿನಲ್ಲಿ ನನ್ನ ಕಾಲಿನ ಪಟ್ಟಿ ಹರಿಯಿತು. ಸ್ವಲ್ಪ ಕೂತು ಸರಿ ಮಾಡಿಕೊಳ್ತೀನಿ.’

ಹಾಸಿಗೆಯ ಅಂಚಿನಲ್ಲಿ ಕೂತರು. ಇಸ್ತ್ರಿ ಮಾಡಿದ ಪ್ಯಾಂಟನ್ನು ಮೊಣಕಾಲಿನ ಮೇಲಿನ ತನಕ ಸುತ್ತಿದರು. ಪಟ್ಟಿ ಬಿಚ್ಚಿ, ಬೂಟಿನ ಸಮೇತ ಕಾಲನ್ನು ತೆಗೆದು ನೆಲದ ಮೇಲೆ ನಿಲ್ಲಿಸಿದರು. ಅಷ್ಟೂ ಜನರ ಎದುರಿಗೆ, ನನ್ನ ಎದುರಿಗೆ. ಮೊಣಕಾಲಿನ ಕೆಳಗೆ ಉಳಿದ ತುಂಡು ಬೆಳ್ಳಗೆ, ಬಿಸಿಲು ಕಾಣದ ಚರ್ಮ, ತುದಿಯಲ್ಲಿ ಹಳೆಯ ಹೊಲಿಗೆಯ ಗುರುತು. ಆ ಹುಡುಗರು ಮೊದಲು ಕಣ್ಣು ಬಿಟ್ಟರು, ಆಮೇಲೆ ಕಣ್ಣು ತಪ್ಪಿಸಿದರು, ಆಮೇಲೆ ಒಬ್ಬನಿಗೆ ಬೀಡಿ ತರುವ ನೆನಪಾಯಿತು, ಇನ್ನೊಬ್ಬನಿಗೆ ನೀರು ತುಂಬಿಸುವ ನೆನಪಾಯಿತು. ಎಲ್ಲರೂ ಹೊರಗೆ ಹೋದರು.

ಕಾಕಾ ತಲೆ ಎತ್ತದೆ ಹೇಳಿದರು: ‘ಈಗ ಬಾಗಿಲಾ ಹಾಕ್ಕೊಳ್ಳಪಾ. ಯಾರೂ ಇಲ್ಲ.’

ಅವನು ಬಾಗಿಲು ಹಾಕಿ, ಒಂದು ಗಳಿಗೆ ಅದಕ್ಕೇ ಆತು ನಿಂತು, ಕಡೆಗೆ ಬಂದು ಕಾಕಾನ ಪಕ್ಕದಲ್ಲೇ ಕೂತು ಪ್ಯಾಂಟು ಮಡಚಿದ. ಕಾಕಾ ಕೂತಲ್ಲಿಂದಲೇ ಬಾಗಿ ಅಳತೆ ತೆಗೆದರು, ನಾನು ಬರೆದುಕೊಂಡೆ. ಎಲ್ಲಿ ನೋಡಬೇಕು ಅಂತ ಗೊತ್ತಾಗಲಿಲ್ಲ. ಮುಖ ನೋಡು ಅಂತ ಕಲಿಸಿದವರ ಮುಖವನ್ನೇ ಅವತ್ತು ನೋಡಲು ಆಗಲಿಲ್ಲ.

‘ಮೊದಲ ಸರ್ತಿ ಕಾಲ ಕೊಟ್ಟಾಗ ಎಲ್ಲಿ ಒತ್ತತಿತ್ತು? ಎಲ್ಲೆಲ್ಲಿ ಸರಿ ಮಾಡಿಸ್ಕೊಂಡಿದ್ದಿ?’ ಅಂತ ಕಾಕಾ ಕೇಳಿದರು.

ಅವನು ಯೋಚಿಸಿದ. ಈಗ ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ. ‘ಭಾಳ ತ್ರಾಸ ಆಗತಿತ್ರಿ ಮೊದಲ. ಎಲ್ಲಿ ಅಂತ ಈಗ ನೆನಪಿಲ್ಲ. ನೀವು ಸರಿ ಮಾಡಿ ಕೊಟ್ಟ ಮ್ಯಾಲ ಮರತಬಿಟ್ಟೇನಿ.’

ಕಾಕಾನ ಕೈಯಲ್ಲಿದ್ದ ಅಳತೆ ಪಟ್ಟಿ ಹಾಗೇ ನಿಂತಿತು. ಹೊಸ ಕಾಲು ಬಂದಾಗ ಆ ಮನುಷ್ಯ ಮತ್ತೆ ಮೊದಲಿನಿಂದ ನೋಯಬೇಕು, ನೋಯುತ್ತಾ ಹೇಳಬೇಕು. ಅದು ಮೂವರಿಗೂ ಒಂದೇ ಸಲ ತಿಳಿಯಿತು.

ಅಲ್ಲಿಂದ ಮುಂದೆ ಎಲ್ಲ ಮನೆಗಳಲ್ಲೂ ಅವರು ಮೊದಲು ತಮ್ಮ ಕಾಲು ಬಿಚ್ಚಿ ಕೂತೇ ಕೇಳುತ್ತಿದ್ದರು. ಕೇಡಗಾಂವದ ಕಬ್ಬಿನ ಗದ್ದೆಯವನ ಪಡಸಾಲೆಯಲ್ಲಿ, ದೌಂಡದ ತಮ್ಮ ಹಳೆಯ ರೈಲ್ವೆ ಗೆಳೆಯರ ಕ್ವಾರ್ಟರ್ಸಿನಲ್ಲಿ, ಎಲ್ಲಾ ಕಡೆ. ಅಷ್ಟು ವರ್ಷ ಒಂದು ಬೆರಳಷ್ಟೂ ತೋರಿಸದವರು. ನನಗೆ ಬೇಡ ಕಾಕಾ ಅನ್ನಬೇಕು ಅನ್ನಿಸುತ್ತಿತ್ತು, ಅನ್ನದೆ ಪುಸ್ತಕ ಬಿಚ್ಚಿ ಬರೆದುಕೊಳ್ಳುತ್ತಿದ್ದೆ.

ಬಹಳಷ್ಟು ಅಳತೆಗಳು ಮತ್ತೆ ಕೂಡಿದವು. ಕೆಲವರು ಮನೆ ಬದಲಿಸಿದ್ದರು, ಕೆಲವರು ತೀರಿಕೊಂಡಿದ್ದರು. ಆಮೇಲೆಯೂ ಕಾಕಾ ನಿವೃತ್ತಿಯ ತನಕ ಇದ್ದರು. ದಿನಾ ಸಂಜೆ ದೀಪ ಹಚ್ಚುವ ಹೊತ್ತಿಗೆ ತಾವೇ ನನ್ನ ಮೇಜಿಗೆ ಬಂದು ಪ್ರೋಗ್ರಾಮ್ ಮುಚ್ಚಿದೆಯಾ ಅಂತ ನೋಡಿ, ಆಮೇಲೆ ಕೊನೆಯ ಸಾಲನ್ನು ಬೆರಳಿಟ್ಟು ಓದಿ, ಕ್ಯಾಸೆಟ್ ತೆಗೆಯುತ್ತಿದ್ದರು. ಊದಿನಕಡ್ಡಿ ಬೆಳಗುವುದನ್ನು ಬಿಟ್ಟರು. ಕಣ್ಣಿಗೆ ಒತ್ತಿಕೊಳ್ಳುವುದನ್ನೂ ಬಿಟ್ಟರು. ದೇವರು, ಕಣ್ಣು, ಕಿವಿ, ಬ್ಯಾಕಪ್ ಅನ್ನುವ ಆ ತಮಾಷೆಯನ್ನು ಯಾರೂ ಮತ್ತೆ ಕೇಳಲಿಲ್ಲ. ನಾವೂ ಅವರ ಎದುರಿಗೆ ಆ ವಿಷಯ ಎತ್ತುತ್ತಿರಲಿಲ್ಲ. ಪಾಪ, ಗಾಯ ಕೆದಕುವುದು ಯಾಕೆ ಅಂತ ನಾವೆಲ್ಲ ಬಹಳ ನಾಜೂಕಿನಿಂದ ಇದ್ದೆವು. ಬೀಳ್ಕೊಡುಗೆಯ ದಿನ ಶಾಲು ಹೊದಿಸಿ, ತೆಂಗಿನಕಾಯಿ ಕೊಟ್ಟು, ಅವರ ಶಿಸ್ತು, ಅವರ ನಿಷ್ಠೆ ಅಂತೆಲ್ಲ ಮಾತಾಡಿದರು. ಆ ಒಂದು ವರ್ಷವನ್ನು ಎಲ್ಲರೂ ಹಾರಿಸಿ ಮುಂದೆ ಹೋದರು. ಕಾಕಾ ತಲೆ ತಗ್ಗಿಸಿ ಕೇಳುತ್ತಾ, ಇನ್ನೇನೋ ಬರುತ್ತದೆ ಅನ್ನುವ ಹಾಗೆ ಕೊನೆಯ ಭಾಷಣದ ತನಕ ಕಾದರು. ಅವರು ಕಾಯುತ್ತಿದ್ದಾರೆ ಅಂತ ನನಗೆ ಆಗ ತಿಳಿದಿದ್ದರೆ!

ಅವರು ಹೋದ ಸುದ್ದಿ ನಮಗೆ ತಡವಾಗಿ ಬಂತು. ದಿನಕರ್ಮಗಳೆಲ್ಲ ಮುಗಿದ ಮೇಲೆ ನಾನೊಬ್ಬಳೇ ದೌಂಡಕ್ಕೆ ಹೋದೆ. ಅಷ್ಟು ವರ್ಷದಲ್ಲಿ ಅವರ ಮನೆಗೆ ಅದೇ ಮೊದಲ ಸಲ. ರೈಲ್ವೆ ಕಾಲನಿಯ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಮನೆ. ಕಾಕೂ ನನ್ನ ಕೈ ಹಿಡಿದುಕೊಂಡು ಒಳಗೆ ಕೂರಿಸಿ, ಅವಲಕ್ಕಿ ಕೊಟ್ಟು, ತಮ್ಮ ಮಂಡಿನೋವಿನಿಂದ ಹಿಡಿದು ಶಟಲ್ಲಿನ ಜನಸಂದಣಿಯ ತನಕ ಎಲ್ಲ ಮಾತಾಡಿದರು. ಗಟ್ಟಿ ಹೆಂಗಸು. ದೇವರ ಮನೆಯಲ್ಲಿ ಕ್ಯಾಸೆಟ್ ಇಡುತ್ತಿದ್ದ ಗೂಡನ್ನು ತೋರಿಸಿದರು. ಈಗ ಬರಿದಾಗಿತ್ತು, ಒರೆಸಿ ಚೊಕ್ಕ ಮಾಡಿದ್ದರು.

ಹೊತ್ತು ಇಳಿಯಿತು. ಓಣಿಯ ಮನೆಗಳಲ್ಲೆಲ್ಲ ಬಾಗಿಲು ತೆರೆದು ಹೊಸ್ತಿಲಲ್ಲಿ ದೀಪ ಇಡುತ್ತಿದ್ದರು. ಕಾಕೂ ಎದ್ದರು, ಮುಂದಿನ ಬಾಗಿಲು ಹಾಕಿ ಚಿಲಕ ಹಾಕಿದರು, ಆಮೇಲೆ ಒಳಗೆ ಬಂದು ಕತ್ತಲಲ್ಲಿ ತಡಕಾಡಿ ದೀಪ ಹಚ್ಚಿದರು.

‘ಕಾಕೂ, ಈ ಹೊತ್ತಲ್ಲಿ ಬಾಗಿಲು ಯಾಕೆ ಹಾಕಿದ್ರಿ?’

‘ಇವರ ಪದ್ಧತಿ ಆಗಿತ್ತವಾ’ ಅಂದರು ಅವರು, ಬತ್ತಿ ಸರಿ ಮಾಡುತ್ತಾ. ‘ನಿಮ್ಮ ಆಫೀಸಿನ್ಯಾಗ ಅದೇನೋ ಕಳೀತಲಾ, ಆವತ್ತಿನಿಂದ. ಮೊದಲ ಮನ್ಯಾಗ ಇದ್ದ ದಿನ ಅಷ್ಟ, ರಿಟಾಯರ್ ಆದ ಮ್ಯಾಲ ದಿನಾ, ದೀಪಾ ಹಚ್ಚೂ ಹೊತ್ತಿಗೆ ಬಾಗಿಲಾ ಹಾಕ್ಕೊಂಡ ಒಳಗ ಕೂಡ್ರೂದು. ತೆರದಿಟ್ಟು ಮಂದಿ ಕಾಲ ಕಳದೇನಿ, ಲಕ್ಷ್ಮಿಗೆ ಯಾವ ಮುಖಾ ತೋರಸಲಿ ಅಂತಿದ್ರು. ಓಣ್ಯಾಗ ಮಂದಿ ಏನ್ ಅಂತಾರ್ರಿ ಅಂತ ನಾ ಭಾಳ ಜಗಳಾ ಮಾಡೇನಿ. ಕೇಳಲಿಲ್ಲ.’

ನಾನು ಅವಲಕ್ಕಿಯ ತಟ್ಟೆಯನ್ನು ಕೆಳಗಿಟ್ಟೆ.

‘ಕಡೀಕ ಕಡೀಕ ಹೇಳಿದ್ರು. ಆಫೀಸಿನ್ಯಾವರು ಯಾರರೆ ಒಬ್ಬರು ಬಂದು, ಹೋಗಲಿ ಬಿಡು ಕಾಕಾ, ಆಗೂದು ಆತು ಅಂತ ಒಂದ ಮಾತ ಅಂದ್ರ ಬಾಗಿಲಾ ತಗಿ, ಅಲ್ಲೀತನಕಾ ಬ್ಯಾಡ ಅಂತ. ಹೋಗೂತನಕಾ ಯಾರೂ ಬರಲಿಲ್ಲ.’

ಅವರು ನನ್ನ ಕಡೆ ತಿರುಗಿದರು. ಆ ಸಣ್ಣ ದೀಪದ ಬೆಳಕಿನಲ್ಲಿ ಅವರ ಮುಖದಲ್ಲಿ ಸಿಟ್ಟು ಇರಲಿಲ್ಲ, ಆಕ್ಷೇಪಣೆ ಇರಲಿಲ್ಲ. ಸುಮ್ಮನೆ ಒಂದು ವಿಷಯ ಕೇಳಿ ತಿಳಿದುಕೊಳ್ಳುವವರ ಹಾಗೆ ಕೇಳಿದರು.

‘ಈಗ ನೀ ಬಂದೀಯಲವಾ. ನೀನೂ ಆಫೀಸಿನಾಕೀನ. ತಗೀಲೇನು?’

ಆಗೂದು ಆತು ಕಾಕಾ. ಅಷ್ಟೇ ಮಾತು. ಜೇಜುರಿಯ ಬಸ್ಸಿನಲ್ಲಿ ಅವರ ಪಕ್ಕದಲ್ಲಿ ಕೂತು ಬಂದೆನಲ್ಲ, ಅಲ್ಲಿ ಹೇಳಬಹುದಿತ್ತು. ರಾಂಜಣಗಾಂವದ ಕೋಣೆಯಿಂದ ಹೊರಗೆ ಬಂದಾಗ ಹೇಳಬಹುದಿತ್ತು. ಈಗಲೂ ಹೇಳಲಿಲ್ಲ. ಎದ್ದು ಹೋಗಿ ಚಿಲಕ ತೆಗೆದು ಬಾಗಿಲಿನ ಎರಡೂ ರೆಕ್ಕೆಯನ್ನು ಗೋಡೆಯ ತನಕ ತಳ್ಳಿದೆ.

ಎದುರು ಮನೆಯ ಹೆಂಗಸು ತನ್ನ ಹೊಸ್ತಿಲಿಗೆ ದೀಪ ಇಡುತ್ತಿದ್ದವಳು ಹಾಗೇ ಬಗ್ಗಿ ನಿಂತುಬಿಟ್ಟಳು.

‘ಅಯ್ಯ, ಕಾಕೂ! ಇವತ್ತ ಬಾಗಿಲಾ ತಗದೀರಲಾ?’

‘ಹೌದವಾ’ ಅಂದರು ಕಾಕೂ, ದೀಪ ಹಿಡಿದು ನನ್ನ ಹಿಂದೆಯೇ ಬರುತ್ತಾ. ‘ಪುಣೇದಿಂದ ಇವರ ಆಫೀಸಿನ್ಯಾವರು ಬಂದಾರ.’

ಆ ಹೆಂಗಸು ನನ್ನನ್ನು ನೋಡಿದಳು. ನಾನು ಕಾಕಾ ಕಲಿಸಿದ ಹಾಗೆ ಅವಳ ಮುಖ ನೋಡಲು ಪ್ರಯತ್ನ ಪಟ್ಟೆ. ಆಗಲಿಲ್ಲ.